ಒಣ ಸಮುದ್ರಕ್ಕೆ ಬಿಸಿ ಕಡುಬು

ಮೊನ್ನೆ ಬ್ಯಾಂಕಿನ ಬಾಗಿಲಲ್ಲಿ ನಾನೊಬ್ಬ ಗಂಡಸಿನ ಕೈ ಕುಲುಕಿದೆ. ಮದುವೆಮನೆಯಲ್ಲೂ ಕಂಬದ ಹಿಂದೆ ಜಾಗ ಹುಡುಕುವ ನಾನು, ಹಾಡುಹಗಲಲ್ಲಿ, ಖಾಕಿ ತೊಟ್ಟ ಪರಪುರುಷನ ಕೈ ಹಿಡಿದು ಮೇಲೆ ಕೆಳಗೆ ಆಡಿಸಿದೆ. ತಪ್ಪು ಅವನದಲ್ಲ. ಬಾಗಿಲಲ್ಲಿ ಕಾವಲುಗಾರ ಕಂಡರೆ ಸಾಕು, ನನ್ನ ಬಲಗೈ ತಾನಾಗಿ ಮುಂದೆ ಹೋಗಿ ನಿಲ್ಲುತ್ತದೆ. ಕೊರೋನದ ಕಾಲದಲ್ಲಿ ಜ್ವರ ನೋಡುವ ಪಿಸ್ತೂಲಿಗೆ ಒಡ್ಡಿ ಒಡ್ಡಿ ಆದ ಅಭ್ಯಾಸ. ಪಿಸ್ತೂಲುಗಳೆಲ್ಲ ಎಲ್ಲಿಗೋ ಹೋದವು, ಕೈಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ. ಆ ಮನುಷ್ಯ ಪಾಪ, ಮುದುಕಿ ಏನೋ ಮರ್ಯಾದೆ ಕೊಡುತ್ತಿದ್ದಾಳೆ ಎಂದುಕೊಂಡು ಸ್ಟೂಲಿನಿಂದ ಎದ್ದು ನಿಂತು ಕುಲುಕಿದ. "ಕೈಸೇ ಹೋ ಮಾಜೀ" ಎಂದೂ ಕೇಳಿದ. ನಿಮ್ಮ ಅಜ್ಜ ಅಷ್ಟು ವರ್ಷ ಸಂಸಾರ ಮಾಡಿದರೂ ಒಮ್ಮೆಯೂ ನನ್ನ ಕೈ ಕುಲುಕಿದವರಲ್ಲ. ನಾನು ಬ್ಯಾಂಕಿನ ಕೆಲಸ ಬಿಟ್ಟು ಹಾಗೇ ಮನೆಗೆ ಬಂದೆ.

ಇರಾ, ಅದ್ವೈತ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಹಾಗಾಗಿ ನಿಮ್ಮಪ್ಪ ಓದಿ ಹೇಳಬೇಕು. ಸುಧಾಕರ, ನಿನಗೂ ಒಂದು ಮಾತು. ಇದರಲ್ಲಿ ನಿನಗೆ ಗೊತ್ತಿಲ್ಲದ ಸಂಗತಿಗಳು ಕೆಲವು ಉಂಟು. ಅಂಥ ಜಾಗ ಬಂದಾಗ ಗಂಟಲು ಸರಿಮಾಡಿಕೊಂಡು ಎರಡು ಪುಟ ಹಾರಿಸಬೇಡ. ಹಾರಿಸಿದರೆ ಇರಾಳಿಗೆ ತಿಳಿಯುತ್ತದೆ, ಅವಳು ಅಲ್ಲೇ ಇದ್ದವಳು.

ಪಿಸ್ತೂಲಿನ ವಿಷಯ ಬಂತಲ್ಲ. ನಮ್ಮ ಕಾಲದಲ್ಲಿ ಪಿಸ್ತೂಲು ಇರಲಿಲ್ಲ, ಸೂಜಿ ಇತ್ತು. ಉಡುಪಿಯ ಕಡೆ ನಮ್ಮ ಹಳ್ಳಿಯ ಶಾಲೆಗೆ ಸಿಡುಬಿನ ಲಸಿಕೆ ಹಾಕುವವರು ಬರುತ್ತಿದ್ದರು. ಅವರ ಸೈಕಲ್ಲು ಗೇಟಿನಲ್ಲಿ ಕಂಡದ್ದೇ ತಡ, ಅರ್ಧ ಶಾಲೆ ಕಿಟಕಿಯಿಂದ ಹಾರಿ ಗೇರುಗುಡ್ಡೆ ಸೇರುತ್ತಿತ್ತು. ನನಗೆ ಓಡಲೂ ನಾಚಿಕೆ. ಓಡುವಾಗ ಲಂಗ ಎತ್ತಿ ಹಿಡಿಯಬೇಕು, ಗಂಡು ಹುಡುಗರು ನೋಡುತ್ತಾರೆ. ಆದ್ದರಿಂದ ಮೊದಲನೆಯವಳಾಗಿ ನಿಂತು ಹಾಕಿಸಿಕೊಂಡೆ. ಆಮೇಲೆ ಮಾಸ್ತರು ದೊಡ್ಡ ಹುಡುಗಿಯರ ಸಾಲು ಮಾಡಿಸುವಾಗ ನನ್ನನ್ನೂ ಹಿಡಿದು ಅದರಲ್ಲಿ ನಿಲ್ಲಿಸಿದರು. ನನ್ನದು ಆಗಿದೆ ಸಾರ್ ಎನ್ನಲು ಬಾಯಿ ಬರಲಿಲ್ಲ. ಎರಡನೆಯ ತೋಳಿಗೂ ಹಾಕಿದರು. ಎರಡು ಡೋಸು ಎಂದು ಊರೆಲ್ಲ ಹೊಸ ಸುದ್ದಿಯ ಹಾಗೆ ಮಾತಾಡುವಾಗ ನಾನು ಸುಮ್ಮನೆ ಕೇಳುತ್ತಿದ್ದೆ. ನನಗದು ಹಳೆಯ ಪದ್ಧತಿ.

ನಿಮ್ಮ ಅಜ್ಜ ಹೋದ ಎರಡನೆಯ ವರ್ಷಕ್ಕೆ ಕೊರೋನ ಬಂತು. ನಾನಾಗ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೆ. ಸುಧಾಕರ ಒಂದು ಸಂಜೆ ಕಾರು ತಂದು, "ಹದಿನೈದು ದಿನಕ್ಕೆ ಬೇಕಾದ್ದು ಕಟ್ಟಿಕೋ ಅಮ್ಮ" ಎಂದ. ನಾಲ್ಕು ಸೀರೆ ಕಟ್ಟಿದೆ. ಆ ಹದಿನೈದು ದಿನ ಹತ್ತಿರ ಹತ್ತಿರ ಎರಡು ವರ್ಷ ನಡೆಯಿತು.

ನಿಮ್ಮ ಖಾರಘರದ ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇರಾಳ ಕೋಣೆಯಲ್ಲೇ ನನ್ನ ಹಾಸಿಗೆ. ಕಿಟಕಿ ತೆರೆದರೆ ಗುಡ್ಡ. ನಿಮ್ಮಮ್ಮ ಮಂಜಿರಿ ಪುಣೆಯ ಕಡೆಯ ಮರಾಠಿ ಹುಡುಗಿ, ಔಷಧ ಕಂಪನಿಯಲ್ಲಿ ಕೆಲಸ, ನನ್ನನ್ನು ಆಯೀ ಎಂದು ಕರೆಯುತ್ತಾಳೆ, ಒಳ್ಳೆಯವಳು. ಆದರೆ ಆ ಎರಡು ವರ್ಷ ಅವಳನ್ನು ನೋಡುವಾಗೆಲ್ಲ ನನಗೆ ನಮ್ಮತ್ತೆಯ ನೆನಪು. ನಮ್ಮತ್ತೆಯ ಮಡಿ ಎಂದರೆ ಊರಿಗೇ ಹೆದರಿಕೆ. ಒಗೆದು ಹಾಕಿದ ಸೀರೆಯ ನೆರಳು ತಾಗಿತು ಎಂದು ಮತ್ತೆ ಬಾವಿಕಟ್ಟೆಗೆ ಹೋಗುವವರು. ಮಂಜಿರಿ ಹಾಲಿನ ಪ್ಯಾಕೆಟಿಗೆ ಸೋಪು ಹಚ್ಚುತ್ತಿದ್ದಳು. ಕೊತ್ತಂಬರಿ ಸೊಪ್ಪನ್ನು ಸ್ನಾನ ಮಾಡಿಸಿ ಟವೆಲ್ಲಿನ ಮೇಲೆ ಮಲಗಿಸುತ್ತಿದ್ದಳು. ಹೊರಗಿನಿಂದ ಬಂದ ಸುಧಾಕರ ಬಾಗಿಲಲ್ಲೇ ನಿಂತು, ಏನನ್ನೂ ಮುಟ್ಟದೆ, ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು ಬಚ್ಚಲಿಗೆ ಓಡುವುದನ್ನು ನಮ್ಮತ್ತೆ ಕಂಡಿದ್ದರೆ ಕಣ್ಣೀರು ಹಾಕುತ್ತಿದ್ದರು, ಸಂತೋಷಕ್ಕೆ. ಜಾತಿ ಬೇರೆ, ಭಾಷೆ ಬೇರೆ, ಹುಟ್ಟಿದ ಕಾಲ ಬೇರೆ, ಆದರೂ ಅವರಿಬ್ಬರದು ಒಂದೇ ಮಠ.

ಕೊರತೆ ಇದ್ದದ್ದು ಬೇರೆ ಕಡೆ. ನಾಚಿಕೆಯವರು ಬದುಕಲು ಎಂಥ ಊರು ಬೇಕು ಎಂದು ಯಾರೂ ಯೋಚಿಸುವುದಿಲ್ಲ. ಎಲ್ಲರೂ ಅಂದುಕೊಳ್ಳುವುದು, ನಾಚಿಕೆಯವರಿಗೆ ಯಾರೂ ಮಾತಾಡಿಸದ ಜಾಗ ಹಿತ ಎಂದು. ಅದು ತಪ್ಪು. ನಮಗೆ ಬೇಕಾದ್ದು, ನಾವು ಬಾಯಿ ತೆರೆಯದಿದ್ದರೂ ಉಳಿದವರು ಮಾತಾಡುತ್ತಲೇ ಇರುವ ಜಾಗ. ಡೊಂಬಿವಲಿಯ ನಮ್ಮ ಮಾಳಿಗೆಯಲ್ಲಿ ನಾಲ್ಕು ಬಾಗಿಲು. ಬೆಳಿಗ್ಗೆ ತೆರೆದದ್ದು ಮಲಗುವ ತನಕ ತೆರೆದೇ ಇರುತ್ತದೆ. ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಬಂದು ಕೂತು, ತನ್ನ ಸೊಸೆಯನ್ನು ಬೈದು, ನನ್ನ ಉತ್ತರವನ್ನೂ ತಾನೇ ಹೇಳಿ, ಚಹಾ ಕುಡಿದು ಹೋಗುತ್ತಾರೆ. ನಾನು ತಲೆಯಾಡಿಸಿದರೆ ಸಾಕು. ಖಾರಘರದ ಹದಿನೇಳನೇ ಮಾಳಿಗೆಯಲ್ಲಿ ಬಾಗಿಲುಗಳಿಗೆ ಕಣ್ಣು ಮಾತ್ರ ಉಂಟು. ಲಿಫ್ಟಿನಲ್ಲಿ ಯಾರಾದರೂ ಬಂದರೆ ಅವರೂ ಫೋನು ನೋಡುತ್ತಾರೆ, ನಾನೂ ನನ್ನ ಚಪ್ಪಲಿ ನೋಡುತ್ತೇನೆ. ಮನೆಯೊಳಗೆ ನಾಲ್ಕು ಜನ ನಾಲ್ಕು ಕಂಪ್ಯೂಟರಿನ ಮುಂದೆ. ಇರಾಳ ಕ್ಲಾಸು ನಡೆಯುವಾಗ ಅವಳ ಟೀಚರಿಗೆ ನಾನು ಕಾಣಬಾರದೆಂದು ಮಂಚದಿಂದ ಬಾಗಿಲ ತನಕ ಬಗ್ಗಿ ಹೋಗುತ್ತಿದ್ದೆ. ಒಂದು ದಿನ ಟೀಚರು, "ಇರಾ, ನಿಮ್ಮ ಮನೆಯಲ್ಲಿ ನಾಯಿ ಉಂಟಾ?" ಎಂದು ಕೇಳಿದರಂತೆ.

ಎರಡನೆಯ ಅಲೆ ಇಳಿದು, ಅಂಗಡಿ ರೈಲು ಎಲ್ಲ ಶುರುವಾದ ಮೇಲೆ ನಾನು ಬಾಯಿ ಬಿಟ್ಟೆ. "ನನ್ನನ್ನು ಡೊಂಬಿವಲಿಗೆ ಬಿಡು" ಎಂದೆ.

"ಒಬ್ಳೇ ಅಲ್ಲಿ ಎಂತ ಮಾಡ್ತಿ?" ಎಂದ ಸುಧಾಕರ. "ಬಿದ್ರೆ ಯಾರು ನೋಡುದು?"

"ಇಲ್ಲಿ ಬಿದ್ರೆ ಯಾರು ನೋಡ್ತಾರೆ? ನೀವೆಲ್ಲ ಮೀಟಿಂಗಲ್ಲಿ ಇರ್ತೀರಿ. ಮೀಟಿಂಗ್ ಮುಗಿವ ತನಕ ನಾನು ನೆಲದಲ್ಲಿ ಕಾಯ್ಬೇಕು."

"ಅಮ್ಮ, ತಮಾಷೆ ಅಲ್ಲ. ನಿನಗೆ ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು ಬರ್ತದೆ."

"ನಾಲ್ಕು ಹೆಜ್ಜೆ ನಡೀಲಿಕ್ಕೆ ಈ ಮನೆಯಲ್ಲಿ ಜಾಗ ಎಲ್ಲುಂಟು, ಏದುಸಿರು ಬರ್ಲಿಕ್ಕೆ?"

ಆಗಲೇ ಅವನು ಪಂಥ ಕಟ್ಟಿದ್ದು. ನಿಮ್ಮನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಎರಡು ವರ್ಷದಿಂದ ಹೇಳುತ್ತಿದ್ದ ಮಾತಿತ್ತು, ಠಾಣೆ ಊರಿನಾಚೆಯ ಆ ಪಾರ್ಕು ಮತ್ತೆ ತೆರೆದಿತ್ತು. "ನೀನೂ ಬಾ. ಇಡೀ ದಿನ ನಮ್ಮ ಜೊತೆ ತಿರುಗು. ಕಾಲು ನೋವು, ತಲೆ ತಿರುಗ್ತದೆ, ಮನೆಗೆ ಹೋಗುವ, ಅಂತ ಒಂದು ಸಲವೂ ಹೇಳದಿದ್ರೆ ಆದಿತ್ಯವಾರ ನಾನೇ ಡೊಂಬಿವಲಿಗೆ ಬಿಟ್ಟು ಬರ್ತೇನೆ. ಏನಾದ್ರೂ ಆಯ್ತು ಅಂದ್ರೆ ಮತ್ತೆ ಆ ಊರಿನ ಹೆಸರು ಎತ್ಲಿಕ್ಕಿಲ್ಲ." ಸಾಕ್ಷಿ ಹೇಳುವುದು ನೀವಿಬ್ಬರು ಎಂದಾಯಿತು. ಆಗ ಅದ್ವೈತನಿಗೆ ಏಳು, ಇರಾಳಿಗೆ ಹನ್ನೆರಡು. ಅದ್ವೈತ ಕುಣಿದ. ಇರಾ, ನೀನು ಮಾತ್ರ ಫೋನಿನಿಂದ ತಲೆ ಎತ್ತದೆ, "ಅಜ್ಜೀ ಹಾರ್ ಜಾಯೇಗೀ" ಎಂದೆ. ನಾನು ಸೋಲುತ್ತೇನೆ ಎಂದು ನಿನಗೆ ಅನಿಸಿತ್ತೋ, ಸೋಲಲಿ ಎಂದಿತ್ತೋ, ಆ ಕ್ಷಣಕ್ಕೆ ನನಗೆ ತಿಳಿಯಲಿಲ್ಲ. ದೀಪ ಆರಿಸಿದ ಮೇಲೆ ಗೋಡೆಯ ಕಡೆ ತಿರುಗಿ, "ತೂ ಗಯೀ ತೋ ಮೈ ಬಾತ್ ನಹೀ ಕರೂಂಗೀ" ಎಂದೆಯಲ್ಲ, ನಾನು ಹೋದರೆ ಮಾತೇ ಆಡುವುದಿಲ್ಲ ಎಂದು, ಆಗ ತಿಳಿಯಿತು.

ಹೊರಡುವ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಕೊಟ್ಟೆ ಕಡುಬು ಬೇಯಿಸಿದೆ. ಕಟ್ಟಡದ ಹಿಂಬದಿಯ ಮರದಿಂದ ಹಲಸಿನ ಎಲೆ ಹಿಂದಿನ ದಿನವೇ ತಂದು, ಕಡ್ಡಿ ಚುಚ್ಚಿ ದೊನ್ನೆ ಮಾಡಿ, ಹಿಟ್ಟು ಹೊಯ್ದು ಹಬೆಯಲ್ಲಿಟ್ಟದ್ದು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ ಎಂದು ಸುಧಾಕರ ಹೇಳಿದ್ದ. ನನಗೆ ಆ ನಿಯಮ ಗೊತ್ತಿಲ್ಲದ್ದೇನಲ್ಲ. ಕಲ್ಯಾಣ ಸ್ಟೇಷನ್ನಿನ ಹತ್ತಿರ ನಿಮ್ಮ ಅಜ್ಜ ನಡೆಸುತ್ತಿದ್ದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆಯೇ ಆ ಬೋರ್ಡು ಇತ್ತು, ಹೊರಗಿನ ಪದಾರ್ಥ ತರಬಾರದು ಎಂದು ಮರಾಠಿಯಲ್ಲಿ. ಅದರ ಕೆಳಗೇ ಕೂತು ಯಾರಾದರೂ ಮನೆಯ ಡಬ್ಬಿ ಬಿಚ್ಚಿದರೆ ಅಜ್ಜ ಬೇರೆ ಕಡೆ ತಿರುಗಿ ಆ ಟೇಬಲಿಗೆ ಚಟ್ನಿ ಕಳಿಸುತ್ತಿದ್ದರು. ಬೋರ್ಡು ಬೇರೆ, ಹಸಿವು ಬೇರೆ ಎಂದು ತಿಳಿದವರು. ಮತ್ತೆ, ಹೋಟೆಲಿನವರ ಮನೆಯಲ್ಲಿ ಬೇರೆ ಹೋಟೆಲಿನ ತಿಂಡಿಯ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ. ಒಳಗೆ ಏನಾಗುತ್ತದೆಂದು ನಮಗೆ ಗೊತ್ತು.

ಚೀಲವಾದರೆ ಬಿಚ್ಚಿ ನೋಡುತ್ತಾರೆ. ಮೈ ಮುಟ್ಟಿ ನೋಡುವುದಿಲ್ಲ, ಕೊರೋನ. ಕಳ್ಳಸಾಗಣೆಗೆ ಅಂಥ ಒಳ್ಳೆಯ ಕಾಲ ಮತ್ತೆ ಬರಲಿಕ್ಕಿಲ್ಲ. ಬಿಸಿ ಬಿಸಿ ಕಡುಬನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ, ಹೊಟ್ಟೆಗೆ ಕಟ್ಟಿ, ಮೇಲೆ ಸೆರಗು ಹೊದ್ದು ಎರಡೂ ಕೈ ಅದರ ಮೇಲಿಟ್ಟು ಕಾರಿನಲ್ಲಿ ಕೂತೆ. ಬೇರೆ ಕಾಲವಾಗಿದ್ದರೆ ಹಲಸಿನ ಎಲೆಯ ಪರಿಮಳ ಖಾರಘರದ ಗುಡ್ಡಕ್ಕೂ ತಲುಪುತ್ತಿತ್ತು. ಆದರೆ ಮಂಜಿರಿ ಕಾರಿನೊಳಗೂ ಎಲ್ಲರಿಗೂ ದಪ್ಪ ಮಾಸ್ಕು ಹಾಕಿಸಿದ್ದಳು. ದಾರಿಯುದ್ದಕ್ಕೂ ಯಾರ ಮೂಗಿಗೂ ಏನೂ ತಿಳಿಯಲಿಲ್ಲ.

ಪಾರ್ಕಿನ ಬಾಗಿಲಲ್ಲಿ ಎರಡು ಡೋಸಿನ ಸರ್ಟಿಫಿಕೇಟು ನೋಡಿದರು, ಕೈಗೆ ಸ್ಯಾನಿಟೈಸರು ಹಾಕಿದರು, ಆಮೇಲೆ ಪಿಸ್ತೂಲು. ಸುಧಾಕರ ದಾಟಿದ, ಮಂಜಿರಿ ದಾಟಿದಳು, ನೀವಿಬ್ಬರೂ ದಾಟಿದಿರಿ. ನಾನು ಸೆರಗಿನೊಳಗಿನಿಂದ ಕೈ ತೆಗೆದು ಒಡ್ಡಿದೆ. ಒಂದು ತಾಸಿನಿಂದ ಕಡುಬಿನ ಮೇಲೆ ಕೂತಿದ್ದ ಕೈ. ಪಿಸ್ತೂಲು ಕೀಂ ಎಂದಿತು, ಕೆಂಪಗಾಯಿತು.

"ಮಾಜೀ ಕೋ ಬುಖಾರ್ ಹೈ" ಎಂದ ಕಾವಲುಗಾರ. ಸಾಲಿನಲ್ಲಿ ಹಿಂದಿದ್ದವರು ಎರಡೆರಡು ಹೆಜ್ಜೆ ಹಿಂದೆ ಸರಿದರು. ಒಂದು ಸಾಲು ಜನ ಒಟ್ಟಿಗೆ ನನ್ನನ್ನೇ ನೋಡಿದ್ದು ಮದುವೆಯ ದಿನ ಬಿಟ್ಟರೆ ಆವತ್ತೇ. ಕಡುಬು ಎಂದು ಹೇಳಿದರೆ ಜ್ವರ ಹೋಗುತ್ತದೆ, ಮಾನ ಹೋಗುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ಡೊಂಬಿವಲಿ ಹೋಗುತ್ತದೆ. ಎರಡರಲ್ಲಿ ಯಾವುದೆಂದು ತೀರ್ಮಾನಿಸಲಾಗದೆ ಸೆರಗನ್ನು ಇನ್ನಷ್ಟು ಎಳೆದುಕೊಂಡೆ.

ಸುಧಾಕರನ ಮುಖ ಮಾಸ್ಕಿನ ಮೇಲಿನಿಂದಲೇ ಕಪ್ಪಾಯಿತು. "ಹೇಳಿದ್ದೆ ನಾನು" ಎಂದ. "ಬೆಳಿಗ್ಗೆಯಿಂದ ಹೊಟ್ಟೆ ಹಿಡ್ಕೊಂಡೇ ಕೂತಿದ್ದಿ, ನಾನು ನೋಡ್ಲಿಲ್ಲಂತ ಮಾಡಿದ್ಯಾ? ಮೈ ಹುಷಾರಿಲ್ಲದ್ರೆ ಹೇಳ್ಬೇಕಿತ್ತು."

"ಸರ್, ಧೂಪ್ ಸೇ ಭೀ ಹೋತಾ ಹೈ" ಎಂದ ಕಾವಲುಗಾರ ಪುಣ್ಯಾತ್ಮ. "ಛಾಯಾ ಮೇ ಬಿಠಾವೋ. ಪಂದ್ರಾ ಮಿನಿಟ್ ಬಾದ್ ಫಿರ್ ದೇಖೇಂಗೇ." ಬಿಸಿಲಿಗೆ ಮೈ ಕಾದವರನ್ನು ಕೂರಿಸಿ ಆರಿಸಲು ಬದಿಯಲ್ಲಿ ಒಂದು ಚಪ್ಪರ, ದೂರ ದೂರ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಸುಧಾಕರ ಟಿಕೆಟಿನ ಹಣ ಹಿಂದೆ ಕೊಡುತ್ತಾರೋ ಎಂದು ವಿಚಾರಿಸಲು ಹೋದ. ಮಂಜಿರಿ ಅದ್ವೈತನನ್ನು ಎಳೆದುಕೊಂಡು ಒಂದು ಮರದ ಕೆಳಗೆ ನಿಂತಳು. ನನ್ನ ಕಾವಲಿಗೆ ಇರಾ.

ಚಪ್ಪರದಲ್ಲಿ ನನಗಿಂತ ಮೊದಲೇ ಒಬ್ಬಳು ಕೂತಿದ್ದಳು. ಉಲ್ಹಾಸನಗರದವಳು, ಗಂಡನದು ಬಟ್ಟೆ ಅಂಗಡಿ, ಸಿಂಧಿ. ಇದೆಲ್ಲ ಅವಳೇ ಹೇಳಿದ್ದು, ನಾನು ಕೇಳದೆಯೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿಯನ್ನು ನಿಯಮಕ್ಕಿಂತ ಸ್ವಲ್ಪ ಹತ್ತಿರ ಎಳೆದು ಕೇಳಿದಳು, "ಬೆಹನಜೀ, ಪೇಟ್ ಪೇ ಕ್ಯಾ ಬಾಂಧಾ ಹೈ?"

ಹೊಟ್ಟೆಗೆ ಏನು ಕಟ್ಟಿದ್ದು ಎಂದರೆ ನಾನು ಎರಡೂ ಕೈ ಮತ್ತೆ ಅದರ ಮೇಲಿಟ್ಟೆ. ಅವಳು ತನ್ನ ದೊಡ್ಡ ಪರ್ಸನ್ನು ಬೆರಳಷ್ಟು ತೆರೆದು ತೋರಿಸಿದಳು. ಒಳಗೆ ಸ್ಟೀಲಿನ ಡಬ್ಬಿ, ಸುಡುಸುಡು ಬೇಳೆ, ಮೇಲೆ ಕಾಗದದಲ್ಲಿ ಸುತ್ತಿದ ಪಕವಾನ್ ಎಂಬ ಗರಿಗರಿ ಪೂರಿ. ಅದನ್ನು ಎದೆಗೆ ಅವಚಿಕೊಂಡು ಬಂದು ಅವಳೂ ಕೀಂ ಅನಿಸಿಕೊಂಡಿದ್ದಳು.

ಇರಾ, ನಾನು ಟವೆಲ್ಲು ಬಿಚ್ಚಿದಾಗ ನಿನ್ನ ಕಣ್ಣು ನೋಡಬೇಕಿತ್ತು. "ಅಜ್ಜೀ, ತೂ ಸ್ಮಗ್ಲರ್ ಹೈ" ಎಂದೆ. ಹಾಗೆ ಹೇಳುವಾಗ ನಿನ್ನ ಕೈಯಲ್ಲಿ ಆಗಲೇ ಒಂದು ಕಡುಬು ಇತ್ತು. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮೂವರೂ ತಿಂದೆವು. ಅವಳ ಬೇಳೆಯಲ್ಲಿ ನಮ್ಮ ಕಡುಬು ಅದ್ದಿ ತಿಂದರೆ ಅದೊಂದು ಬೇರೆಯೇ ರುಚಿ. ಸಿಂಧಿಯವರೂ ತುಳುವರೂ ಇಷ್ಟು ವರ್ಷ ಪಕ್ಕಪಕ್ಕದ ಸ್ಟೇಷನ್ನಿನಲ್ಲಿ ಇದ್ದು ಇದನ್ನು ಕಂಡುಹಿಡಿಯಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಅವಳು ಮೂರನೆಯ ಕಡುಬಿಗೆ ಕೈ ಹಾಕುತ್ತ, "ಅಗಲೀ ಬಾರ್ ಚಟ್ನೀ ಲಾನಾ" ಎಂದಳು, ಮುಂದಿನ ಸಲ ಚಟ್ನಿ ತರಬೇಕಂತೆ, ನಾವಿಬ್ಬರೂ ಪ್ರತಿ ವಾರ ಇಲ್ಲಿ ಜ್ವರಕ್ಕೆ ಕೂರುತ್ತೇವೆ ಎನ್ನುವಂತೆ.

ಮತ್ತೆ ಪಿಸ್ತೂಲು ಹಿಡಿದಾಗ ನನ್ನ ಮೈ ತೊಂಬತ್ತಮೂರು ತೋರಿಸಿತು. ಅಷ್ಟು ತಣ್ಣಗಿರುವವರು ಬದುಕಿರುವುದಿಲ್ಲ ಎಂದು ಮಂಜಿರಿ ಆಮೇಲೆ ಹೇಳಿದಳು. ಆದರೆ ಆ ಪಿಸ್ತೂಲಿನ ಲೆಕ್ಕದಲ್ಲಿ ಬಿಸಿ ಇದ್ದವರು ಅಪಾಯ, ಸತ್ತವರಿಗೆ ಅಡ್ಡಿ ಇಲ್ಲ. ಒಳಗೆ ಬಿಟ್ಟರು. ಸುಧಾಕರ ತುಂಬ ಹೊತ್ತು ಯೋಚಿಸಿ, "ಮಶೀನಿನ ತಪ್ಪು. ಇದನ್ನು ಲೆಕ್ಕಕ್ಕೆ ಹಿಡಿಯುದಿಲ್ಲ" ಎಂದು ತೀರ್ಪು ಕೊಟ್ಟ. ಬಾಯಿ ಒರೆಸಿಕೊಳ್ಳುತ್ತಿದ್ದ ಇರಾ ಕೆಮ್ಮಿದಳು. ಆಗ ಕೆಮ್ಮುವುದು ಎಂಥ ಅಪರಾಧವೆಂದು ನೆನಪಿರಲಿ, ಸುತ್ತ ಹತ್ತು ಜನ ತಿರುಗಿ ನೋಡಿದರು.

ಒಳಗೆ ಹೋದರೆ ಅರ್ಧ ಪಾರ್ಕು ಮುಚ್ಚಿತ್ತು. ನೀರಿನ ಆಟಗಳಿಗೆ ಸರಕಾರದ ಅನುಮತಿ ಬಂದಿರಲಿಲ್ಲ. ಅಲೆ ಏಳುವ ದೊಡ್ಡ ಕೊಳ ಒಣಗಿ, ತಳದ ನೀಲಿ ಬಣ್ಣ ಸಿಪ್ಪೆ ಏಳುತ್ತಿತ್ತು. ನಡುವೆ ಪ್ಲಾಸ್ಟಿಕ್ಕಿನ ತಿಮಿಂಗಿಲ ಮಗ್ಗುಲು ಬಿದ್ದುಕೊಂಡು ಅದರ ಮೇಲೆ ಒಂದು ಕಾಗೆ. ದಂಡೆಯಲ್ಲಿ ನಿಂತು ಜನ ಆ ಒಣ ಸಮುದ್ರದ ಫೋಟೊ ತೆಗೆಯುತ್ತಿದ್ದರು. ಕರಡಿಯ ವೇಷದವನೊಬ್ಬ ಮಕ್ಕಳ ಹತ್ತಿರ ಬಂದ. ಕರಡಿಯ ಮೂತಿಗೂ ಮಾಸ್ಕು. ತಬ್ಬಿಕೊಳ್ಳುವ ಬದಲು ಮೊಣಕೈ ಚಾಚಿದ. ಅದ್ವೈತ ಮೊಣಕೈ ತಾಗಿಸಿ ಹಿಂದೆ ಬಂದು, "ಇಸ್ ಭಾಲೂ ನೇ ವ್ಯಾಕ್ಸೀನ್ ಲಿಯಾ ಹೈ ಕ್ಯಾ?" ಎಂದು ಕೇಳಿದ.

ಎಲ್ಲೆಲ್ಲೂ ನೆಲದಲ್ಲಿ ಹಳದಿ ವೃತ್ತಗಳು. ತಿಂಡಿಗೆ ವೃತ್ತ, ಆಟಕ್ಕೆ ವೃತ್ತ, ಕುರ್ಚಿಗೆ ವೃತ್ತ. ನಮ್ಮೂರ ಅಂಗಳದಲ್ಲಿ ಕುಂಟಾಬಿಲ್ಲೆಗೆ ಗೆರೆ ಎಳೆದ ಹಾಗೆ. ನಾನು ಮಧ್ಯಾಹ್ನದ ತನಕ ಚೆನ್ನಾಗಿಯೇ ನಡೆದೆ. ಕಾಲು ನೋಯುತ್ತಿರಲಿಲ್ಲ ಎಂದಲ್ಲ. ಆದರೆ ಸುಧಾಕರ ಘಳಿಗೆಗೊಮ್ಮೆ ಹಿಂದೆ ತಿರುಗಿ ನೋಡುವುದು, ನಾನು ಆಗೆಲ್ಲ ಸುತ್ತಲಿನ ಗಿಡ ನೋಡುತ್ತ ಬಹಳ ಆಸಕ್ತಿ ತೋರಿಸುವುದು, ಹೀಗೆ ಸಾಗಿತ್ತು.

ಆಮೇಲೆ ನನಗೆ ಬಚ್ಚಲಿಗೆ ಹೋಗಬೇಕಾಯಿತು. ಇದನ್ನು ಸುಧಾಕರನಿಗೆ ಹೇಳಿದರೆ ಸೋಲು ಎಂದು ನನ್ನ ತಲೆಯಲ್ಲಿ ಕೂತಿತ್ತು. ಮಂಜಿರಿಗೆ ಹೇಳಬಹುದಿತ್ತು, ಅವಳು ಫೋನಿ‌ನಲ್ಲಿ ಆಫೀಸಿನವರ ಜೊತೆ ಇದ್ದಳು. ಪಾರ್ಕಿನವರನ್ನು ಕೇಳುವುದಂತೂ ನನ್ನಿಂದ ಆಗದ ಮಾತು. ಅಷ್ಟರಲ್ಲಿ ಒಂದು ಗೋಡೆಯ ಬದಿಯಲ್ಲಿ ಹೆಂಗಸರು ವೃತ್ತ ವೃತ್ತದಲ್ಲಿ ಒಬ್ಬೊಬ್ಬರಾಗಿ ನಿಂತದ್ದು ಕಂಡಿತು. ಎಲ್ಲರ ಮುಖದಲ್ಲೂ, ಎಂದರೆ ಕಾಣುವಷ್ಟು ಮುಖದಲ್ಲಿ, ಒಂದು ಆತಂಕ. ನನಗೆ ಸಂಶಯವೇ ಉಳಿಯಲಿಲ್ಲ. ಕೊನೆಯ ವೃತ್ತದಲ್ಲಿ ನಿಂತೆ.

ಸಾಲು ಬಹಳ ನಿಧಾನ. ಗೋಡೆಯ ತಿರುವು ದಾಟುವ ಹೊತ್ತಿಗೆ ಹಿಂದಿನ ವೃತ್ತದಿಂದ ಇರಾಳ ಧ್ವನಿ, "ಅಜ್ಜೀ, ತೂ ಸಚ್ ಮೇ ಜಾಯೇಗೀ?"

ನಿಜವಾಗಿಯೂ ಹೋಗುತ್ತೀಯಾ ಎಂದರೆ ಇದೆಂಥ ಪ್ರಶ್ನೆ ಎಂದುಕೊಂಡು ಹೌದೆಂದು ತಲೆಯಾಡಿಸಿದೆ. ತಿರುವು ದಾಟಿದೆ. ಎದುರಿಗೆ ಹಡಗು.

ಉಯ್ಯಾಲೆಯ ಹಾಗೆ ಆ ತುದಿಯಿಂದ ಈ ತುದಿಗೆ ಆಕಾಶಕ್ಕೆ ಹೋಗಿ ಬರುವ, ನೂರು ಜನ ಹಿಡಿಯುವ ದೊಡ್ಡ ಹಡಗು, ಅದಕ್ಕೆ ಹೆಂಗಸರ ಸಾಲು ಬೇರೆ. ಕೆಳಗೆ ಬೇಲಿಯಾಚೆ ಸುಧಾಕರ, ಮಂಜಿರಿ, ಎತ್ತರ ಸಾಲದೆ ಹೊರಗುಳಿದು ಮುಖ ಊದಿಸಿಕೊಂಡ ಅದ್ವೈತ. ಸುಧಾಕರ ಎರಡೂ ಕೈಯಿಂದ ಬೇಡ ಬೇಡ ಎನ್ನುತ್ತಿದ್ದ. ನಾನು ದಾರಿ ತಪ್ಪಿ ಬಂದೆ ಎಂದರೆ, ಬಚ್ಚಲೂ ಹಡಗೂ ಗೊತ್ತಾಗದ ಮುದುಕಿ ಒಬ್ಬಳೇ ಇರಬಲ್ಲಳೇ ಎಂಬಲ್ಲಿಗೆ ಮಾತು ಹೋಗುತ್ತದೆ. ಹತ್ತಿದೆ.

ಒಂದು ಸಾಲು ಬಿಟ್ಟು ಒಂದು ಸಾಲು ಕೂರಿಸಿದರು. ಇರಾ ನನ್ನ ಪಕ್ಕ. ಯಂತ್ರ ನಡೆಸುವವನು ಮೈಕಿನಲ್ಲಿ ಮರಾಠಿಯಲ್ಲಿ ಸೂಚನೆ ಕೊಟ್ಟ: ಮಾಸ್ಕು ತೆಗೆಯಬೇಡಿ, ಕೂಗಬೇಡಿ, ಕೂಗಿದರೆ ಉಗುಳು ಹಾರಿ ರೋಗ ಹರಡುತ್ತದೆ. ಹಾಗೆ ಹಡಗು ತುಂಬ ಜನ ಬಾಯಿ ಮುಚ್ಚಿ, ಕಣ್ಣು ಬಿಟ್ಟು, ಶ್ರಾದ್ಧದ ಊಟಕ್ಕೆ ಕೂತವರ ಹಾಗೆ ಗಂಭೀರವಾಗಿ ತೂಗಾಡತೊಡಗಿದರು. ನನಗೆ ಇದು ಒಗ್ಗಿತು. ಮೆಲ್ಲ ಮಾತಾಡು, ಮೆಲ್ಲ ನಗು ಎಂದು ನನಗೊಬ್ಬಳಿಗೇ ಜೀವಮಾನವಿಡೀ ಹೇಳಿದ್ದನ್ನು ಕೊನೆಗೂ ಎಲ್ಲರಿಗೂ ಹೇಳುವವರು ಒಬ್ಬರು ಸಿಕ್ಕಿದರಲ್ಲ.

ಮೂರನೆಯ ತೂಗಿಗೆ ಹಡಗು ನೆಟ್ಟಗೆ ಮೇಲೆ ಹೋಗಿ ಅಲ್ಲೇ ನಿಂತಿತು. ಕೆಳಗೆ ಖಾಡಿ ಎನ್ನುವ ಸಮುದ್ರದ ಹಿನ್ನೀರು, ಗುಡ್ಡ, ಪೆಟ್ಟಿಗೆ ಜೋಡಿಸಿಟ್ಟ ಹಾಗೆ ಕಟ್ಟಡಗಳು. ಹೊಟ್ಟೆ ಒಂದು ಕಡೆ ಉಳಿದು ನಾನು ಇನ್ನೊಂದು ಕಡೆ ಬಂದೆ. ಆಗ ಯಾರೋ ಕೂಗಿದರು. "ಅಯ್ಯೋ ಅಪ್ಪೇ" ಎಂದು, ತುಳುವಿನಲ್ಲಿ ಅಮ್ಮನನ್ನು ಕರೆದು, ಉದ್ದಕ್ಕೆ, ಇಡೀ ಪಾರ್ಕಿಗೆ ಕೇಳುವ ಹಾಗೆ. ಠಾಣೆಯಲ್ಲಿ ಇದ್ಯಾರು ನಮ್ಮೂರಿನವಳು ಎಂದು ನಾನು ತಿರುಗಿ ನೋಡಿದೆ. ಇರಾ ನನ್ನನ್ನೇ ನೋಡುತ್ತಿದ್ದಳು.

"ಆಜೀ, ಓರಡೂ ನಕಾ" ಎಂದಿತು ಮೈಕು. ಅಜ್ಜಿ, ಕೂಗಬೇಡಿ. ಪಾರ್ಕಿನ ಅಷ್ಟೂ ಕಂಬಗಳಲ್ಲಿ ಅದು ಕೇಳಿಸಿತು. ನಾನು ಮತ್ತೆ ಕೂಗಿದೆ. ನನ್ನ ಹಿಂದಿನ ಸಾಲಿನವರು ಕೂಗಿದರು. ಆಮೇಲೆ ಹಡಗೇ ಕೂಗಿತು. ಮೈಕಿನವನು ಕೈಬಿಟ್ಟ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನನ್ನ ಮೇಲಿನ ಹಲ್ಲುಗಳು ನನ್ನವಲ್ಲ, ಸೆಟ್ಟು. ಲಾಕ್‌ಡೌನಿನಲ್ಲಿ ದವಾಖಾನೆ ಮುಚ್ಚಿ, ನನ್ನ ವಸಡು ಸೊರಗಿ, ಅದು ಸಡಿಲವಾಗಿತ್ತು. ಸುಧಾಕರನಿಗೆ ತಿಳಿಸಿರಲಿಲ್ಲ, ತಿಳಿಸಿದರೆ ಏದುಸಿರಿನ ಕೆಳಗೆ ಹಲ್ಲನ್ನೂ ಬರೆದುಕೊಳ್ಳುತ್ತಾನೆ. ಹಡಗು ಕೆಳಗೆ ಬರುವ ರಭಸಕ್ಕೆ, ನನ್ನ ಬಾಯಿ ಅಷ್ಟಗಲ ತೆರೆದಿರುವಾಗ, ಸೆಟ್ಟು ಹೊರಟಿತು. ಮಾಸ್ಕು ಇಲ್ಲದಿದ್ದರೆ ಅದು ಆ ಒಣ ಸಮುದ್ರಕ್ಕೆ ಬಿದ್ದು ಕಾಗೆಯ ಪಾಲಾಗುತ್ತಿತ್ತು. ಮಾಸ್ಕು ಅದನ್ನು ಜೋಳಿಗೆಯಲ್ಲಿ ಹಿಡಿದ ಹಾಗೆ ಹಿಡಿಯಿತು. ಆ ಮಾಸ್ಕು ನನ್ನನ್ನು ಕೊರೋನದಿಂದ ಉಳಿಸಿತೋ ಇಲ್ಲವೋ ವೈದ್ಯರೇ ಹೇಳಬೇಕು, ನನ್ನ ಹಲ್ಲನ್ನಂತೂ ಉಳಿಸಿತು.

ಹಡಗು ನಿಂತಿತು. ಸುಧಾಕರ ಬೇಲಿ ದಾಟಿ ಓಡಿ ಬಂದ.

"ಅಮ್ಮ, ಎಂತಾಯ್ತು? ಅಷ್ಟು ಕೂಗಿದಿ. ತಲೆ ತಿರುಗ್ತದಾ? ಮಾತಾಡು ಒಮ್ಮೆ."

ಬಾಯಿ ತೆರೆದರೆ ಹಲ್ಲಿಲ್ಲದ ಮಾತು ಹೊರಡುತ್ತದೆ. ತೆರೆಯದಿದ್ದರೆ ಮಾತು ನಿಂತುಹೋಗಿದೆ ಎಂದು ಅವನು ಆಸ್ಪತ್ರೆಗೆ ಒಯ್ಯುತ್ತಾನೆ. ಮಾಸ್ಕನ್ನು ಅಂಗೈಯಿಂದ ಅದುಮಿ ಹಿಡಿದು ನಿಂತೆ. ಕಣ್ಣಲ್ಲಿ ನೀರು ಬರುತ್ತಿತ್ತು, ಅದು ನಗುವಿಗೆ, ಆದರೆ ಹೊರಗಿನಿಂದ ನೋಡುವವರಿಗೆ ಯಾವ ನೀರಾದರೂ ಒಂದೇ. ಇರಾ ನನ್ನ ಮಾಸ್ಕಿನ ಉಬ್ಬು ನೋಡಿದಳು. ಅಲ್ಲಿ ಒಳಗಿನಿಂದ ಒಂದು ಸಾಲು ಹಲ್ಲು ಬಟ್ಟೆಯನ್ನು ಕಚ್ಚುವಂತೆ ಒತ್ತಿಕೊಂಡಿತ್ತು. ಅವಳಿಗೆ ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು.

ಆಗ ಅವಳೊಂದು ಮಾತು ಹೇಳಿದ್ದರೆ ನಾನು ಖಾರಘರದಲ್ಲೇ ಉಳಿಯುತ್ತಿದ್ದೆ. ಅವಳಿಗೆ ಬೇಕಾದದ್ದೂ ಅದೇ.

"ಪಪ್ಪಾ, ಅಜ್ಜೀ ಕೋ ವಾಶ್‌ರೂಮ್ ಜಾನಾ ಹೈ. ಹಟೋ ಬೀಚ್ ಮೇ ಸೇ" ಎಂದು ನನ್ನ ತೋಳು ಹಿಡಿದು ನಡೆದಳು. ಅದು ಸುಳ್ಳೂ ಆಗಿರಲಿಲ್ಲ, ಹೇಗೆ ತಿಳಿಯಿತೋ ದೇವರಿಗೇ ಗೊತ್ತು.

ಬಚ್ಚಲಲ್ಲಿ, ನನ್ನ ಅವಸರದ ಕೆಲಸ ಮುಗಿದ ಮೇಲೆ, ಸೆಟ್ಟನ್ನು ನಲ್ಲಿಯ ಕೆಳಗೆ ಹಿಡಿದೆ. ಅವಳು ತೆಗೆದುಕೊಂಡು ತಾನೇ ತೊಳೆದಳು, ಮೂಗು ಮುರಿಯದೆ, ಬಟ್ಟಲು ತೊಳೆದ ಹಾಗೆ.

"ಪಪ್ಪಾ ಕೋ ಬತಾ ದೂಂ?" ಎಂದಳು.

ಹಲ್ಲಿಲ್ಲದ ಬಾಯಿಯಲ್ಲಿ ನಾನು, "ಹೇಳು. ಪಂಥ ಅಂದ್ರೆ ಪಂಥ" ಎಂದೆ.

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ತುಝೇ ಇತ್ನಾ ಜಾನಾ ಹೈ?" ಅಷ್ಟು ಹೋಗಬೇಕಾ ನಿನಗೆ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಸೆಟ್ಟು ನನ್ನ ಅಂಗೈಯಲ್ಲಿಟ್ಟು ಹೊರಗೆ ಹೋಗಿ ನಿಂತಳು.

ಹಿಂದೆ ಬರುವಾಗ ಕಾರಿನಲ್ಲಿ ಸುಧಾಕರ ಸಾಕ್ಷಿ ಕೇಳಿದ. ಅದ್ವೈತ, ನೀನು, ನಿನಗೆ ಹಡಗು ಸಿಗಲಿಲ್ಲ, ಆದ್ದರಿಂದ ಇಡೀ ದಿನವನ್ನೇ ರದ್ದು ಮಾಡಬೇಕು ಎಂದೆ. ಇರಾ ಕಿಟಕಿಯ ಹೊರಗೆ ನೋಡುತ್ತ, "ಅಜ್ಜೀ ಕೋ ಕುಛ್ ನಹೀ ಹುವಾ" ಎಂದಳು, ಅಜ್ಜಿಗೆ ಏನೂ ಆಗಲಿಲ್ಲ ಎಂದು. ಅಷ್ಟೇ. ಆಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡವಳು ಶನಿವಾರದ ತನಕ ನನ್ನ ಜೊತೆ ಮಾತಾಡಲಿಲ್ಲ. ಪಂಥ ಗೆದ್ದದ್ದು ನಾನು. ಆದರೆ ಆ ದಿನಗಳಲ್ಲಿ ಅದೇ ಕೋಣೆಯಲ್ಲಿ ಸೀರೆ ಮಡಚುವಾಗ ಗೆದ್ದವಳ ಉತ್ಸಾಹ ನನ್ನ ಕೈಯಲ್ಲಿ ಇರಲಿಲ್ಲ.

ಆದಿತ್ಯವಾರ ಡೊಂಬಿವಲಿಗೆ ಬಂದೆವು. ಸುಧಾಕರ ನನ್ನ ಎರಡು ಚೀಲ ಮೇಲೆ ತಂದಿಟ್ಟು, ಮತ್ತೆ ಕೆಳಗೆ ಹೋಗಿ ಬರುವಾಗ ಅವನ ಹೆಗಲಲ್ಲಿ ಮೂರನೆಯದೊಂದು ಇತ್ತು. "ಇದು ಯಾರದ್ದು?" ಎಂದ. ಇರಾ ಅಷ್ಟರಲ್ಲಿ ನನ್ನ ಮಂಚದ ಧೂಳು ಕೊಡವಿ ಅದರ ಮೇಲೆ ಕಾಲು ಚಾಚಿ ಕೂತಾಗಿತ್ತು. "ಮಾಝೀ" ಎಂದಳು ಮರಾಠಿಯಲ್ಲಿ, ನನ್ನದು. ಶಾಲೆ ಹೇಗೂ ಕಂಪ್ಯೂಟರಿನಲ್ಲೇ ಉಂಟಲ್ಲ, ಅದು ತೆರೆಯುವ ತನಕ ತಾನು ಇಲ್ಲೇ ಇರುವವಳು, ಅಮ್ಮನಿಗೆ ಹೇಳಿ ಆಗಿದೆ.

"ಇದು ಪಂಥದಲ್ಲಿ ಇರ್ಲಿಲ್ಲ" ಎಂದ ಸುಧಾಕರ.

"ಬಿದ್ರೆ ಯಾರು ನೋಡುದು ಅಂತ ನೀನೇ ಕೇಳಿದ್ದು" ಎಂದೆ ನಾನು.

ಅವನ ಕಾರು ಹೋದ ಸ್ವಲ್ಪ ಹೊತ್ತಿಗೆ ಇರಾ ಕಂಪ್ಯೂಟರು ತೆರೆದು, ಇಲ್ಲಿ ನೆಟ್ ಬರುವುದಿಲ್ಲ, ನಾಳೆ ಕ್ಲಾಸು ಉಂಟು, ಎದುರು ಮನೆಯ ವೈಫೈ ಕಾಣಿಸುತ್ತದೆ, ಹೋಗಿ ಅದರ ಪಾಸ್‌ವರ್ಡ್ ಕೇಳಿಕೊಂಡು ಬಾ ಎಂದಳು. ನಾನು ಈ ಮಾಳಿಗೆಯಲ್ಲಿ ಮೂವತ್ತು ವರ್ಷದಿಂದ ಇದ್ದವಳು. ಯಾರ ಹತ್ತಿರವೂ ಒಂದು ಚಮಚ ಸಕ್ಕರೆ ಕೇಳಿದವಳಲ್ಲ, ಅವರಾಗಿ ಕೊಟ್ಟದ್ದು ತೆಗೆದುಕೊಂಡದ್ದು ಅಷ್ಟೇ. ಆ ಹೆಸರನ್ನು ಬಾಯಿಪಾಠ ಮಾಡುತ್ತ ಎದುರು ಬಾಗಿಲಿಗೆ ಹೋಗಿ ನಿಂತೆ. ಕಾಕು ಅಡುಗೆಮನೆಯಿಂದಲೇ ನನ್ನನ್ನು ಕಂಡು, ಎರಡು ವರ್ಷದ ಮಾತನ್ನು ಒಂದೇ ಉಸಿರಿಗೆ ಶುರು ಮಾಡಿದರು. ಅವರು ಉಸಿರು ತೆಗೆದುಕೊಳ್ಳುವ ತನಕ ಕಾದು, ಪಾಸ್‌ವರ್ಡ್ ಬೇಕಿತ್ತು ಎಂದೆ.

ಕಾಕು ಸೆರಗಿಗೆ ಕೈ ಒರೆಸಿಕೊಂಡು ಕಪಾಟಿನ ಕಡೆ ತಿರುಗಿದರು. "ಕಿತೀ ಪಾಹಿಜೇ?" ಎಂದರು. ಎಷ್ಟು ಬೇಕು.

"ಸ್ವಲ್ಪ ಸಾಕು" ಎಂದೆ. "ಮಗುವಿಗೆ."